ಜೋಡಿ ಮಾಡಿದ್ದು ಯಾರು?

"ಡ್ರೈ ಅಂದ್ರೆ ಒಣಗಿದ್ದು ಅಲ್ವೇನ್ರಿ ಮೇಡಂ? ಇದು ಬಾಟ್ಲಿ ತುಂಬ ಒದ್ದೆನೇ ಐತಲ್ಲ!"

ಬೈಪಾಸ್ ಪಕ್ಕದ ಹೊಸ ಹೋಟೆಲಿನ ಅಡುಗೆಮನೆಯಲ್ಲಿ ಬಿಲಾಲ್ ಹೀಗೆ ಕೇಳಿದಾಗ ರಶ್ಮಿತಾ ನಕ್ಕಳು ನೋಡಿ, ಎಲ್ಲ ಶುರುವಾದದ್ದು ಅಲ್ಲಿಂದಲೇ. ಅವಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದವಳು, ವಿದ್ಯಾನಗರದ ದ್ರಾಕ್ಷಾಯಣಮ್ಮನ ಮಗಳು. ಅವನು ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುವ ಅಡುಗೆಯವನು.

"ವೈನಿಗೆ ಡ್ರೈ ಅಂದ್ರೆ ಸಿಹಿ ಇಲ್ದಿರೋದು. ಫ್ರಾನ್ಸಿಂದು, ಶಾಬ್ಲಿ."

"ಚಾಬ್ಲಿಸ್ ಅಂತ ಬರ್ದೈತೆ."

"ಬರೆಯೋದೊಂದು, ಅನ್ನೋದೊಂದು."

"ಥೇಟ್ ನಿಮ್ಮಂಗೆ. ಒಳಗೊಂದು, ಬಾಯಾಗೊಂದು," ಎಂದು ಓರೆಗಣ್ಣಲ್ಲಿ ನೋಡಿದ. ಅವಳ ಕೆನ್ನೆ ಬಿಸಿಯಾಯಿತು.

ಆ ಬಿಳಿ ವೈನಿಗೆ ಹೊಂದುವ ಮೀನಿನ ಅಡುಗೆ ಹುಡುಕುವ ಕೆಲಸ ಇಬ್ಬರ ತಲೆಗೂ ಬಿತ್ತು. ಫಜೀತಿ ನೋಡಿ, ಅವನು ವೈನ್ ಮುಟ್ಟುವಂತಿಲ್ಲ, ಅವಳು ಮೀನು ತಿನ್ನುವಂತಿಲ್ಲ!

"ವೈನ್ ನಡೀತೈತೆ, ಮೀನು ನಡೆಯಲ್ವಾ?"

"ಕುಡಿಯಲ್ಲಪ್ಪ, ಬಾಯಲ್ಲಿಟ್ಟು ಉಗೀತೀನಿ."

"ಇರ್ಲಿ ಬಿಡ್ರಿ. ದ್ರಾಕ್ಷಾಯಣಮ್ಮನ ಮಗಳು ದ್ರಾಕ್ಷಿ ರಸ ಮುಟ್ಟಿದ್ರೆ ತಪ್ಪೇನೈತೆ!"

ಹೀಗೆ ಅವಳು ಗುಟುಕು ರುಚಿ ನೋಡಿ ಹೇಳುವುದು, ಅವನು ಮೀನು ಅಗಿದು ಹೇಳುವುದು. "ನಿಂಬೆಯ ಹುಳಿ, ಕೊನೆಗೆ ಸುಣ್ಣದ ಕಲ್ಲು ನೆಕ್ಕಿದ ಹಾಗೆ," ಎಂದಳು. "ಹಂಗಾದ್ರೆ ಖಾರ ಬ್ಯಾಡ, ಹುಣಸೆ ಬ್ಯಾಡ. ಹೊಳೆ ಮೀನಿಗೆ ಉಪ್ಪು, ನಿಮ್ಮೂರ ಬೆಣ್ಣೆ, ಅಷ್ಟೇ," ಎಂದು ಅವನು ಕಣ್ಣು ಮುಚ್ಚಿ ಅಗಿಯುತ್ತಿದ್ದರೆ ಅವಳು ಆ ರೆಪ್ಪೆಗಳನ್ನೇ ನೋಡುತ್ತಾ ಮೈಮರೆಯುತ್ತಿದ್ದಳು. ಮಾತಿನಲ್ಲೇ ಜೋಡಿ ಕೂಡಿತು. ಮೇಡಂ ಹೋಗಿ ರಶ್ಮಿ ಆಯಿತು.

ಅಷ್ಟರಲ್ಲಿ ದ್ರಾಕ್ಷಾಯಣಮ್ಮ ಮಗಳಿಗೆ ಎಣ್ಣೆ ಮಿಲ್ಲಿನ ಮಹಾಂತೇಶನನ್ನು ಗೊತ್ತು ಮಾಡಿಬಿಟ್ಟರು. ಭಾನುವಾರ ಮಧ್ಯಾಹ್ನ ಅದೇ ಹೋಟೆಲಿನಲ್ಲಿ ಅವನ ಗೆಳೆಯರ ಊಟ.

"ರಶ್ಮಿ, ಈ ವೈನು ಮೀನಿನ ಜೋಡಿ ಮಾಡಿದ್ದು ಯಾರು ಅಂತ ಕೇಳೇ ಕೇಳ್ತಾರೆ," ಎಂದ ಬಿಲಾಲ್. "ನಾನು, ಬಿಲಾಲ್, ಇಬ್ರೂ ಅಂತ ಅಂದ್ಬಿಡು. ನನ್ನ ಹೆಸರು ಒಂದ್ಸಲ ಅವರ ಮುಂದೆ ಬಾಯಿಬಿಟ್ಟು ಹೇಳು ಸಾಕು. ಮುಂದೆ ನಿಮ್ಮ ಮನಿಗೆ ನಾನೇ ಬಂದು ಮಾತಾಡ್ತೀನಿ."

"ನಿನ್ನಾಣೆ, ಹೇಳ್ತೀನಿ," ಎಂದು ಅವನ ಕೈ ಹಿಡಿದಳು.

ಭಾನುವಾರ ಬಂತು. ಮನೆಯಲ್ಲಿ ಮೊಟ್ಟೆ ಸೇರಿಸದ ಗಂಡಸರೆಲ್ಲ ಅಲ್ಲಿ ಮೀನಿನ ಮುಳ್ಳು ಆರಿಸುತ್ತ ಕೂತಿದ್ದರು. ಮಹಾಂತೇಶ ಗ್ಲಾಸ್ ಎತ್ತಿದ.

"ಅಬಾಬಾ, ಏನ್ ಜೋಡಿ ರೀ ಇದು! ಮಾಡಿದ್ದು ಯಾರು?"

ಪಕ್ಕದಲ್ಲಿ ಅವನ ಅಕ್ಕ ಕೂತು ರಶ್ಮಿತಾಳನ್ನು ಅಡಿಯಿಂದ ಮುಡಿವರೆಗೆ ಅಳೆಯುತ್ತಿದ್ದಳು. ಅಡುಗೆಮನೆ ಬಾಗಿಲಲ್ಲಿ ಬಿಲಾಲ್, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ನಿಂತಿದ್ದ. ಬಾಯಿ ಬಿಟ್ಟರೆ ಬಣ್ಣಗೇಡು ಎನಿಸಿತು ಅವಳಿಗೆ. ಅಮ್ಮನ ಮುಖ ಕಣ್ಣ ಮುಂದೆ ಬಂತು.

"ನಾನೇ," ಎಂದಳು. ಆಮೇಲೆ, ಯಾರೂ ಕೇಳದಿದ್ದರೂ, "ನಾನೊಬ್ಳೇ ಮಾಡಿದ್ದು."

ಎಲ್ಲರೂ ಚಪ್ಪಾಳೆ ತಟ್ಟಿದರು. ತಿರುಗಿದರೆ ಬಾಗಿಲಲ್ಲಿ ಅವನಿರಲಿಲ್ಲ.

ಒಳಗೆ ಅವನು ಹೆಂಚು ಉಜ್ಜುತ್ತಿದ್ದ. ಬೆನ್ನು ತಿರುಗಿಸಿಯೇ ಇದ್ದ. ತಟ್ಟೆಯಲ್ಲಿ ಮೀನು ಉಳಿದಿತ್ತು. ತಪ್ಪಿಗೆ ದಂಡ ಕಟ್ಟುವವಳಂತೆ, ಅವಳು ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಹುಟ್ಟಿದಾಗಿನಿಂದ ಮೊದಲ ಸಲ. ಮೇಲೊಂದು ಗುಟುಕು ವೈನ್, ಈ ಸಲ ಉಗಿಯಲಿಲ್ಲ. ಬೆಣ್ಣೆ ಕರಗಿತು, ಆ ಹುಳಿ ಬಂದು ನಾಲಿಗೆ ತೊಳೆಯಿತು, ಮತ್ತೊಂದು ತುತ್ತು ಬೇಕೆನಿಸಿತು. ಅವಳ ಕಣ್ಣಲ್ಲಿ ನೀರು ಬಂತು.

"ಬಿಲಾಲ್, ಹೊಂದುತ್ತೆ ಕಣೋ. ಎಷ್ಟು ಚೆನ್ನಾಗಿ ಹೊಂದುತ್ತೆ ಗೊತ್ತಾ!"

"ನಾನು ರುಚಿ ನೋಡ್ದೇನೇ ನಂಬಿದ್ದೆ, ಮೇಡಂ."

ಮೇಡಂ! ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

ಅವನು ಕೈ ಒರೆಸಿ, ಬ್ಯಾಗ್ ಹೆಗಲಿಗೇರಿಸಿ, ಹರಿಹರದ ಬಸ್ಸಿಗೆ ಹೊರಟ. ಹೊಸ್ತಿಲ ಹತ್ತಿರ ನಿಂತ.

"ಉಳಿದದ್ದು ಮುಚ್ಚಿಡ್ರಿ, ಬೆಕ್ಕು ಬರ್ತೈತೆ," ಎಂದ. "ಮುಚ್ಚಿಡೋದು ನಿಮಗೆ ಚೆನ್ನಾಗಿ ಬರ್ತೈತಲ್ಲ."