ಕಹಿ ಮಾತ್ರೆಯ ಅದಲುಬದಲು

ಸೋಮವಾರ ಬೆಳಗ್ಗೆ ಹತ್ತರ ಸುಮಾರಿಗೆ ನಿವೃತ್ತ ಸಂಗೀತ ಶಿಕ್ಷಕಿಯೊಬ್ಬರು ಠಾಣೆಗೆ ಬಂದು ಮೇಜಿನ ಮೇಲೆ ಎರಡು ಮಾತ್ರೆ ಡಬ್ಬಿ ಇಟ್ಟರು. ಕೀಲುರೋಗದಿಂದ ಅವರ ಬೆರಳುಗಳು ಗಂಟುಕಟ್ಟಿದ್ದವು.

"ನನ್ನ ಮಾತ್ರೆ ಯಾರೋ ಕದ್ದಿದ್ದಾರೆ."

ಹೆಡ್ ಕಾನ್‌ಸ್ಟೆಬಲ್ ಡಬ್ಬಿ ಅಲ್ಲಾಡಿಸಿ ನೋಡಿದ. "ತುಂಬಿದೆಯಲ್ಲಮ್ಮ?"

"ಇದು ನಂದಲ್ಲ. ಹೋದ ತಿಂಗಳದ್ದು ವಿಷದ ಹಾಗೆ ಕಹಿ ಇತ್ತು. ಇದು ಸಿಹಿ."

"ಸಿಹಿಯಾದ್ರೆ ಒಳ್ಳೇದೇ ಆಯ್ತಲ್ಲ! ಕಹಿ ಬೇಕು ಅಂತ ಕಂಪ್ಲೇಂಟ್ ಕೊಡೋರನ್ನ ಇವತ್ತೇ ನೋಡಿದ್ದು."

ಒಳಗಿನಿಂದ ಬಂದ ಇನ್‌ಸ್ಪೆಕ್ಟರ್ ಮೇಡಂ ಅವನತ್ತ ಒಂದು ನೋಟ ಬೀರಿದರು. ಅವನ ನಗು ಬಾಯಲ್ಲೇ ಉಳಿಯಿತು.

"ಮಾತ್ರೆ ನುಂಗೋದಲ್ವಾ? ರುಚಿ ಹೇಗೆ ಗೊತ್ತಾಯ್ತು?"

"ಗಂಟಲಲ್ಲಿ ಇಳಿಯಲ್ಲ ತಾಯಿ. ಚಿಕ್ಕಂದಿನಿಂದಲೂ ಜಗಿದೇ ತಿನ್ನೋದು."

ಎರಡೂ ಡಬ್ಬಿ ದೊಡ್ಡಾಸ್ಪತ್ರೆಯವು. ಕೀಲುರೋಗಕ್ಕೆ ಬಂದ ಹೊಸ ಔಷಧವೊಂದರ ಪರೀಕ್ಷೆ ಅಲ್ಲಿ ನಡೆಯುತ್ತಿತ್ತು. ಶಿಕ್ಷಕಿ ಒಪ್ಪಿ ಅದಕ್ಕೆ ಸೇರಿದ್ದರು. ಹಳೆಯ ಡಬ್ಬಿಯ ತಳದಲ್ಲಿ ಕೆಲವು ಮಾತ್ರೆ ಉಳಿದಿದ್ದವು. ಪಂಚರ ಸಮಕ್ಷಮ ಪಂಚನಾಮೆ ನಡೆಸಿ, ಎರಡನ್ನೂ ವಶಕ್ಕೆ ಪಡೆದು ಪ್ರಯೋಗಾಲಯಕ್ಕೆ ಕಳಿಸಲಾಯಿತು. ಶುಕ್ರವಾರ ವರದಿ ಬಂತು. ಹಳೆಯ ಡಬ್ಬಿಯಲ್ಲಿದ್ದದ್ದು ಔಷಧ, ಹೊಸದರಲ್ಲಿದ್ದದ್ದು ಸಕ್ಕರೆ ಬೆರೆಸಿದ ಹಿಟ್ಟು. ಅಂದೇ ಎಫ್‌ಐಆರ್ ದಾಖಲಾಯಿತು.

ಆಸ್ಪತ್ರೆಯಲ್ಲಿ ಪರೀಕ್ಷೆಯ ಮುಖ್ಯಸ್ಥರಾದ ಡಾಕ್ಟರು ವರದಿಯನ್ನು ಎರಡು ಸಲ ಓದಿದರು.

"ಈಯಮ್ಮನಿಗೆ ಕೊಡ್ಬೇಕಿದ್ದದ್ದು ಔಷಧವೋ ಹಿಟ್ಟೋ?" ಇನ್‌ಸ್ಪೆಕ್ಟರ್ ಕೇಳಿದರು.

"ಗೊತ್ತಿಲ್ಲ."

"ಪರೀಕ್ಷೆ ನಡೆಸ್ತಿರೋದು ನೀವೇ ತಾನೆ?"

"ಹೌದು. ಅದಕ್ಕೇ ನನಗೆ ಗೊತ್ತಿರಬಾರದು." ಡಾಕ್ಟರು ಕನ್ನಡಕ ತೆಗೆದರು. "ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಇದೆ. ಅದರ ಜೊತೆಗೆ ಅರ್ಧ ಜನಕ್ಕೆ ಹೊಸ ಔಷಧ, ಅರ್ಧ ಜನಕ್ಕೆ ನೋಡೋಕೆ ಹಾಗೇ ಇರೋ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತೆ. ನಾನೇ ಆರಿಸಿದ್ರೆ ಯಾರ ಮೇಲೆ ಕನಿಕರ ಬರುತ್ತೋ ಅವರಿಗೆ ಔಷಧ ಕೊಟ್ಬಿಡ್ತೀನಿ. ಆಮೇಲೆ ವಾಸಿಯಾಗಿದ್ದು ಔಷಧದಿಂದಲೋ ನನ್ನ ಆಸೆಯಿಂದಲೋ, ಹೇಗೆ ಹೇಳ್ಲಿ?"

"ಹಾಗಾದ್ರೆ ಯಾರಿಗೆ ಗೊತ್ತು?"

"ರೋಗಿಗಳಿಗೆ ಹಾನಿಯಾಗ್ತಿದೆಯಾ ಅಂತ ನೋಡೋಕೆ ಸುರಕ್ಷತಾ ಸಮಿತಿ ಇದೆ. ಅದರ ಸಂಖ್ಯಾಶಾಸ್ತ್ರಜ್ಞೆಗೆ. ಅವರು ನಮ್ಮ ಆಸ್ಪತ್ರೆಯವರೂ ಅಲ್ಲ."

ಆಕೆ ನೋಟಿಸ್ ಕೈಗೆ ಬರುವವರೆಗೂ ಬಾಯಿ ಬಿಡಲಿಲ್ಲ. ಬಂದ ಮೇಲೆ, ಶಿಕ್ಷಕಿಯ ಪಾಲಿಗೆ ಬಂದದ್ದು ಎರಡೂ ತಿಂಗಳು ಔಷಧವೇ ಎಂದು ತಿಳಿಸಿದರು. ಹಾಗಾದರೆ ಆ ಔಷಧ ಹೋದದ್ದೆಲ್ಲಿಗೆ? ಪರೀಕ್ಷೆಯಲ್ಲಿದ್ದ ಎಲ್ಲರ ಡಬ್ಬಿಯಿಂದಲೂ ಒಂದೊಂದು ಮಾತ್ರೆ ತರಿಸಲಾಯಿತು. ಮುಂದಿನ ಗುರುವಾರ ಎರಡನೇ ವರದಿ ಬಂತು. ಹಿಟ್ಟು ಸಿಗಬೇಕಿದ್ದ ಒಬ್ಬ ಮಹಿಳೆಯ ಡಬ್ಬಿಯಲ್ಲಿ ಔಷಧವಿತ್ತು.

"ಈಕೆಯ ಕಡೆಯವರು ಯಾರಾದ್ರೂ ಈ ಆಸ್ಪತ್ರೇಲಿ ಇದಾರಾ?" ಇನ್‌ಸ್ಪೆಕ್ಟರ್ ಕೇಳಿದರು.

ವಾರ್ಡಿನ ನರ್ಸ್ ಹೇಳಿದಳು. "ಗಂಡ ನಮ್ಮ ಕಾಂಪೌಂಡರೇ ಮೇಡಂ. ಔಷಧದ ಕೋಣೆ ಬೀಗದ ಕೈ ಅವರ ಹತ್ರಾನೇ ಇರುತ್ತೆ."

ಮಧ್ಯಾಹ್ನ ಮೂರಕ್ಕೆ ಜೀಪು ಆತನ ಮನೆ ಮುಂದೆ ನಿಂತಿತು. ಬಾಗಿಲು ತೆರೆದ ಕಾಂಪೌಂಡರ್, ಸಮವಸ್ತ್ರ ಕಂಡದ್ದೇ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವನ ಹಿಂದೆ ಹೆಂಡತಿ ನಿಂತಿದ್ದಳು. ಇನ್‌ಸ್ಪೆಕ್ಟರ್ ಮೊದಲು ಮಾತಾಡಿಸಿದ್ದು ಆಕೆಯನ್ನು.

"ಕಣ್ಣು ಯಾವತ್ತಿಂದ ಹೀಗೆ ಹಳದಿಯಾಗಿದೆ?"

"ನಿನ್ನೆಯಿಂದ. ಹೇಳಿದ್ರೆ ಮಾತ್ರೆ ನಿಲ್ಲಿಸಿಬಿಡ್ತಾರೆ ಅಂತ ಸುಮ್ಮನಿದ್ದೆ."

ಕಾಂಪೌಂಡರ್ ತಿರುಗಿ ಹೆಂಡತಿಯ ಮುಖ ನೋಡಿದ. ಹೊಸ್ತಿಲ ಮೇಲೆಯೇ ಕೂತ.

"ನಾನೇ ಬದಲಾಯಿಸಿದ್ದು ಮೇಡಂ. ಇವಳ ಮಾತ್ರೆ ಕಚ್ಚಿ ನೋಡಿದೆ, ಸಿಹಿ. ಬೇರೆಯವರದ್ದು ಕಚ್ಚಿದೆ, ಕಹಿ. ಸೀಲ್ ಬಿಚ್ಚಿ ಅದಲುಬದಲು ಮಾಡಿ ಮತ್ತೆ ಅಂಟಿಸಿದೆ."

"ಆ ಟೀಚರ್ ಡಬ್ಬಿಯೇ ಯಾಕೆ?"

ಅವನು ತಲೆ ತಗ್ಗಿಸಿದ. "ಒಂಟಿ ಹೆಂಗಸು. ಯಾರು ಕೇಳೋರು ಅಂದ್ಕೊಂಡೆ."

"ರೀ, ನನಗೊಂದು ಮಾತು ಹೇಳಬಾರದಿತ್ತಾ?" ಎಂದಳು ಹೆಂಡತಿ.

ಅವನನ್ನು ಅಲ್ಲಿಯೇ ದಸ್ತಗಿರಿ ಮಾಡಲಾಯಿತು. ಜೀಪು ಠಾಣೆಗೆ ಹೋಗುವ ಮೊದಲು ಆಸ್ಪತ್ರೆಗೆ ಹೋಗಿ ಆಕೆಯನ್ನು ಇಳಿಸಿತು.

ಸಂಜೆ ಸಂಖ್ಯಾಶಾಸ್ತ್ರಜ್ಞೆ ತಾವೇ ಫೋನ್ ಮಾಡಿದರು.

"ನಾಲ್ಕು ಜನರ ರಕ್ತಪರೀಕ್ಷೇಲಿ ಲಿವರ್ ಏರುಪೇರು ಕಂಡಿತ್ತು ಮೇಡಂ. ಅವರಲ್ಲಿ ಕಾಂಪೌಂಡರ್ ಹೆಂಡ್ತಿ ಹಿಟ್ಟಿನ ಗುಂಪಿನವರು. ಹಿಟ್ಟು ತಿಂದವರಿಗೂ ಹೀಗಾಗಿದೆ ಅಂದ್ರೆ ಔಷಧದ ತಪ್ಪಿರಲಾರದು ಅಂತ ಸಮಿತಿ ಸಮಾಧಾನ ಮಾಡ್ಕೊಂಡಿತ್ತು. ಈಗ ನೋಡಿದ್ರೆ ನಾಲ್ಕೂ ಜನ ತಿಂದಿದ್ದು ಔಷಧವೇ."

ಮರುದಿನವೇ ಪರೀಕ್ಷೆ ನಿಂತಿತು. ಎಲ್ಲರನ್ನೂ ಕರೆಸಿ ರಕ್ತ ನೋಡಿದರು. ಔಷಧ ನಿಲ್ಲಿಸಿದ ಮೇಲೆ ನಾಲ್ವರ ಲಿವರೂ ಸುಧಾರಿಸುತ್ತಾ ಬಂತು. ಉಳಿದವರಿಗೆ ಏನೂ ಆಗಿರಲಿಲ್ಲ. ಡಾಕ್ಟರು ಠಾಣೆಗೆ ಬಂದು ಹೇಳಿಕೆ ಕೊಟ್ಟರು. "ಇನ್ನೊಂದು ತಿಂಗಳು ಹೀಗೇ ನಡೆದಿದ್ರೆ..." ಎಂದರು.

ಹೇಳಿಕೆಗೆ ಸಹಿ ಹಾಕಲು ಬಂದ ಶಿಕ್ಷಕಿ ಎಲ್ಲ ಕೇಳಿಸಿಕೊಂಡು ಹುಬ್ಬೇರಿಸಿದರು. "ಹಾಗಾದ್ರೆ ಕದ್ದೋನೇ ನನ್ನ ಕಾಪಾಡಿದ ಅನ್ನಿ!"

"ಅವನು ಕಾಪಾಡ್ಲಿಲ್ಲ," ಎಂದರು ಇನ್‌ಸ್ಪೆಕ್ಟರ್. "ನೀವು ಬಂದು ಹೇಳಿದ್ದಕ್ಕೆ ಅವನ ಹೆಂಡ್ತಿ ಉಳಿದ್ಲು."

ಶಿಕ್ಷಕಿ ಹೆಡ್ ಕಾನ್‌ಸ್ಟೆಬಲ್ ಕಡೆ ತಿರುಗಿದರು. ಅವನು ಎದ್ದು ನಿಂತು ಅವರಿಗೆ ಆಟೋ ಕರೆಯಲು ಹೊರಟ.

ಆರೋಪಪಟ್ಟಿ ಸಿದ್ಧವಾಗುವ ಹೊತ್ತಿಗೆ ಆಸ್ಪತ್ರೆಯಿಂದ ಒಳ್ಳೆಯ ಸುದ್ದಿ ಬಂತು. ಇನ್‌ಸ್ಪೆಕ್ಟರ್ ತಾವೇ ಜೈಲಿಗೆ ಹೋಗಿ ಕಾಂಪೌಂಡರನಿಗೆ ಹೇಳಿದರು. "ಕಾಮಾಲೆ ಇಳೀತಿದೆ. ಮನೆಗೆ ಕಳಿಸ್ತಾರಂತೆ."

ಅವನು ಗೋಡೆಗೊರಗಿ ಕಣ್ಣು ಮುಚ್ಚಿದ. ಯಾರೂ ಕೇಳದೆಯೇ ಹೇಳತೊಡಗಿದ.

"ಅವಳಿಗೆ ಬಾಚಣಿಗೆ ಹಿಡಿಯೋಕಾಗ್ತಿರಲಿಲ್ಲ ಮೇಡಂ. ತಲೆ ನಾನೇ ಬಾಚ್ತಿದ್ದೆ. ಒಂದಿನ, ದಿನಾ ನಿಮಗ್ಯಾಕೆ ತೊಂದರೆ, ಕೂದಲು ಕತ್ತರಿಸಿಬಿಡಿ ಅಂದ್ಲು. ಕತ್ತರಿ ಕೈಗೆ ತಗೊಂಡೆ. ಆಗಲಿಲ್ಲ. ಮಾರನೇ ದಿನ ಡಬ್ಬಿ ಬಿಚ್ಚಿದೆ."

ಇನ್‌ಸ್ಪೆಕ್ಟರ್ ಆ ಮಾತನ್ನು ಒಂದಕ್ಷರವೂ ಬಿಡದೆ ಹೇಳಿಕೆಗೆ ಸೇರಿಸಿದರು.