ಬೆಚ್ಚಗಿನ ಕೋಲು

ಹೇಳಿದರೆ ನಗುವವರೇ ಹೆಚ್ಚು. ನಗಲಿ. ನಮ್ಮದು ಸರ್ಕಸ್ಸಿನ ಉಯ್ಯಾಲೆ ಆಟ. ಅಮ್ಮ ಬಿದ್ದು ಸತ್ತ ಮೇಲೆ ಅಕ್ಕ ಹತ್ತಿದಳು, ಅಕ್ಕ ಬಿದ್ದು ಸತ್ತ ಮೇಲೆ ನಾನು.

ಬೆಳಗಿನ ಅಭ್ಯಾಸಕ್ಕೆ ಮೊದಲು ಹತ್ತುವವಳು ನಾನೇ. ಆ ಚಳಿಗೆ ಉಯ್ಯಾಲೆಯ ಕಬ್ಬಿಣದ ಕೋಲು ಕೊರೆಯಬೇಕು. ಆದರೆ ದಿನವೂ ಬೆಚ್ಚಗಿರುತ್ತಿತ್ತು, ಯಾರೋ ಈಗಷ್ಟೇ ಕೈಬಿಟ್ಟ ಹಾಗೆ. ಬೆವರಿನ ಪಸೆಯೂ ಇರುತ್ತಿತ್ತು. ಒರೆಸಿದರೂ ಮತ್ತೆ ಒದ್ದೆ.

ಎದುರಿನ ಉಯ್ಯಾಲೆಯಲ್ಲಿ ತಲೆಕೆಳಗಾಗಿ ತೂಗುತ್ತಾ ನನ್ನ ಕೈ ಹಿಡಿಯುವವರು ಭಾವ. ಅವರಿಗೆ ಹೇಳಿದೆ: "ಅಕ್ಕ ಜೊತೆಗಿದ್ದಾಳೆ ಭಾವ. ಕೋಲು ಬೆಚ್ಚಗಿರುತ್ತೆ."

ಭಾವ ಮಣಿಕಟ್ಟಿಗೆ ಪಟ್ಟಿ ಸುತ್ತುವುದನ್ನು ನಿಲ್ಲಿಸಿದರು.

"ಬೀಳೋಕೆ ಮುಂಚೆ ನಿಮ್ಮಕ್ಕನೂ ಇದನ್ನೇ ಹೇಳಿದ್ಲು. ಅವಳು ಅಮ್ಮ ಅಂದ್ಕೊಂಡಿದ್ಲು."

ಸಂಜೆ ಆಟವಿತ್ತು. ನನಗೆ ಬೇರೆ ಕೆಲಸ ಬರುವುದಿಲ್ಲ. ಹತ್ತಿದೆ. ಕೋಲು ಬಿಸಿಯಾಗಿತ್ತು.