ಮಾಂತ್ರಿಕನ ಮುಖದ ಕಲ್ಲುಬಿಲ್ಲೆ

ಬಹಳ ಹಿಂದೆ, ಯಾರೂ ತಾರೀಖು ಬರೆದಿಡದ ಕಾಲದಲ್ಲಿ, ಕುಂಭಾವತಿ ಎಂಬ ರಾಜ್ಯವಿತ್ತು. ಅದಕ್ಕೊಬ್ಬ ರಾಜನಿದ್ದ. ಮಹಾಶೂರನೆಂದು ಅವನ ಹೊಗಳುಭಟರು ಹೇಳುತ್ತಿದ್ದರು. ಬೇರೆ ಯಾರೂ ಹೇಳಿದ್ದಿಲ್ಲ.

ಅವನ ಪಟ್ಟಾಭಿಷೇಕದ ಊಟದಲ್ಲಿ ಧೂಮಜಟಿ ಎಂಬ ಮಾಂತ್ರಿಕನಿಗೆ ಪಂಕ್ತಿಯ ಕೊನೆಯ ಎಲೆ ಸಿಕ್ಕಿತು. ಅಲ್ಲಿಗೆ ಬರುವ ಹೊತ್ತಿಗೆ ಪಾಯಸ ಮುಗಿದಿತ್ತು. ಅಷ್ಟಕ್ಕೇ ಅವನು ಅರಮನೆಗೆ ಒಂದು ಮೇಜನ್ನು ಉಡುಗೊರೆಯಾಗಿ ಕಳಿಸಿದ. ಕರಿಮರದ ಹಲಗೆ, ನಾಲ್ಕೂ ನಿಜವಾದ ಹುಲಿಗಾಲು. ಅದರ ಮೇಲೆ ಲೋಟ ಇಟ್ಟರೆ ತಳದ ಗುರುತು ಉಂಗುರದಂತೆ ಮೂಡುತ್ತಿತ್ತು. ಉಂಗುರ ಬಾವಿಯ ಹಾಗೆ ಬಾಯಿ ತೆರೆದು, ಲೋಟ ಇಟ್ಟವರನ್ನು ನುಂಗುತ್ತಿತ್ತು. ಮೇಜನ್ನು ಹೊರಗೆ ಹಾಕಲು ನಾಲ್ವರು ಹೋದರು. ಹುಲಿಗಾಲು ಒದೆಯಿತು. ಐದನೆಯವನು ಹೋಗಲಿಲ್ಲ.

ಆದರೂ ರಾಜನಿಗೆ ಹಾಲು ಮೇಜಿನ ಮೇಲೇ ಬೇಕಿತ್ತು. ಹಾಗಾಗಿ ಹಾಲಿನ ಲೋಟ ಇಟ್ಟ ಹೊನ್ನಾಜಿ ಒಂಬತ್ತನೆಯವಳಾಗಿ ಉಂಗುರದೊಳಗೆ ಹೋದಳು. ಸವೆದ ಬೀಸುವ ಕಲ್ಲಿಗೆ ಉಳಿಯಿಂದ ಮುಳ್ಳು ಹೊಡೆದು ಬದುಕುತ್ತಿದ್ದ ಚೆನ್ನಾಜಿಗೆ ಅವಳೊಬ್ಬಳೇ ಅಕ್ಕ.

ಧೂಮಜಟಿ ಬಂದು ಸಾರಿದ: “ಬಿಸಿಯದೊಂದು, ತಣ್ಣಗಿನದೊಂದು, ಹುಳಿಯದೊಂದು. ಮೂರು ಲೋಟಗಳು ತಲಾ ಒಂದು ಗಳಿಗೆ ಗುರುತು ಬೀಳದೆ ನಿಂತರೆ ಎಲ್ಲರನ್ನೂ ಬಿಡುತ್ತೇನೆ. ಅಮಾವಾಸ್ಯೆಯ ಮಧ್ಯಾಹ್ನಕ್ಕೆ ಉಂಗುರಗಳು ಮುಚ್ಚುತ್ತವೆ. ನೆನಪಿರಲಿ, ಮೇಜಿನ ಮೇಲೆ ಇಟ್ಟದ್ದೆಲ್ಲ ನನ್ನ ಮಾಯೆಗೆ ಸೇರಿದ್ದು.”

ಅಮಾವಾಸ್ಯೆಗೆ ಹನ್ನೆರಡು ದಿನವಿತ್ತು. ಆಸ್ಥಾನದ ಚಿತ್ರಗಾರರು ಲೋಟದ ಕೆಳಗಿಡಲು ಚಪ್ಪಟೆ ಕಲ್ಲಿನ ಬಿಲ್ಲೆ ಮಾಡಿ ಅದರ ಮೇಲೆ ಲಕ್ಷ್ಮಿಯನ್ನು ಬರೆದರು. ಬಹಳ ಚೆನ್ನಾಗಿತ್ತು. ಪ್ರಧಾನಿ ಬಿಸಿ ಹಾಲನ್ನು ಒಂದು ಗುಟುಕು ಕುಡಿದು, ಲೋಟ ಹಿಡಿದು ನಿಂತ. ನಿಂತೇ ಇದ್ದ.

“ಇಡಿ ಸ್ವಾಮಿ,” ಎಂದಳು ಚೆನ್ನಾಜಿ.

“ಎಂಜಲು ಲೋಟಾನ ತಾಯಿ ತಲೆ ಮೇಲೆ ಇಡೋದೇನಮ್ಮ?”

ಬೆರಳು ಸುಟ್ಟಿತು. ಪ್ರಧಾನಿ ಲೋಟವನ್ನು ಬಿಲ್ಲೆಯ ಪಕ್ಕದಲ್ಲಿ, ಬರೀ ಮೇಜಿನ ಮೇಲೆ ಇಟ್ಟ. ಹತ್ತನೆಯವನಾದ.

“ದೇವರನ್ನು ಯಾಕೆ ಬರೆದಿರಿ?” ಎಂದು ಚೆನ್ನಾಜಿ ಕೇಳಿದಳು.

“ಮತ್ತೆ ಯಾರನ್ನು ಬರೀಬೇಕಿತ್ತು?” ಎಂದ ಮುದಿ ಚಿತ್ರಗಾರ.

“ಲೋಟ ಕುಕ್ಕಿದರೂ ಯಾರಿಗೂ ಬೇಜಾರಾಗದವರನ್ನು.”

ಅವಳು ಹೊಳೆಯಿಂದ ಅಂಗೈ ಅಗಲದ ಕಲ್ಲು ತಂದು ಉಜ್ಜಿ ತೊಳೆದಳು. ಎರಡು ದಿನ ಬಿಸಿಲಿಗಿಟ್ಟಳು. ಮೇಲೆ ಒಣಗಿದಂತೆ ಕಂಡರೂ ಕಲ್ಲು ಒಳಗೆ ನೀರು ಬಚ್ಚಿಟ್ಟಿರುತ್ತದೆ, ಬಣ್ಣವನ್ನು ಆಮೇಲೆ ಎಬ್ಬಿಸುತ್ತದೆ. ಮೂರನೆಯ ದಿನ ಕಾಡಿಗೆ, ಕೆಮ್ಮಣ್ಣು, ಸುಣ್ಣದಲ್ಲಿ ಒಂದು ಮುಖ ಬರೆದಳು. ಕಲ್ಲಿನ ತಳಕ್ಕೆ ದಪ್ಪ ಬಟ್ಟೆ ಅಂಟಿಸಿ, ಮೇಲೆ ಅಗಸೆ ಎಣ್ಣೆ ತೆಳುವಾಗಿ ಸವರಿದಳು. ಆಮೇಲೆ ಕಾದಳು. ದಿನಾ ಕಿರುಬೆರಳಲ್ಲಿ ಮುಟ್ಟಿ ನೋಡುವುದು, ಅರಮನೆಗೆ ಹೋಗಿ ಉಂಗುರದೊಳಕ್ಕೆ ಬಗ್ಗಿ ವರದಿ ಒಪ್ಪಿಸುವುದು.

“ಇನ್ನೂ ಅಂಟುತ್ತೆ ಅಕ್ಕ.”

“ಒಲೆ ಮೇಲಿಡೇ!”

“ಬಿರುಕು ಬಿಡುತ್ತೆ. ಸ್ವಲ್ಪ ತಾಳು.”

“ಬಾವಿಯೊಳಗಿರೋಳು ನಾನು ಕಣೇ, ನೀನಲ್ಲ!”

ಉಂಗುರ ದಿನದಿನಕ್ಕೆ ಚಿಕ್ಕದಾಗುತ್ತಿತ್ತು, ಅಕ್ಕನ ದನಿಯೂ. ಅಮಾವಾಸ್ಯೆಯ ಹಿಂದಿನ ದಿನ ಹೊನ್ನಾಜಿ ಬೈಯಲೂ ಇಲ್ಲ. ಚೆನ್ನಾಜಿಗೆ ಹೆದರಿಕೆಯಾಗಿದ್ದು ಆಗಲೇ. ಮನೆಗೆ ಬಂದು ಬೆರಳಿಟ್ಟು ನೋಡಿದಳು. ಎಣ್ಣೆ ಇನ್ನೂ ಅಂಟುತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಅಂಟಲಿಲ್ಲ.

ಅರಮನೆಯಲ್ಲಿ ಧೂಮಜಟಿ ಬಿಲ್ಲೆಯನ್ನು ಎತ್ತಿ ನೋಡಿದ. ಅದರಲ್ಲಿದ್ದುದು ಅವನದೇ ಮುಖ.

“ಮೂಗು ಚೆನ್ನಾಗಿ ಬಂದಿದೆ,” ಎಂದ. ಮೀಸೆ ತೀಡಿಕೊಂಡ. “ಈ ಅರಮನೆಯಲ್ಲಿ ನನ್ನನ್ನು ಮುಂದೆ ಕೂರಿಸಿದವಳು ನೀನೊಬ್ಬಳೇ.” ತಾನೇ ಮೇಜಿನ ಮೇಲೆ ಇಟ್ಟ.

ಚೆನ್ನಾಜಿ ಬಿಸಿ ಹಾಲಿನ ಲೋಟವನ್ನು ಮುಖದ ನಡುವೆ ಇಟ್ಟಳು. ಮೇಜಿಗೆ ಏನೂ ಆಗಲಿಲ್ಲ. ಎದುರಿಗೆ ನಿಂತ ಮಾಂತ್ರಿಕನ ಮುಖ ಮಾತ್ರ ಕೆಂಪೇರಿ ಹಬೆಯಾಡಿತು. ಮೇಜಿನ ಮೇಲೆ ಇಟ್ಟದ್ದೆಲ್ಲ ಮಾಯೆಗೆ ಸೇರಿದ್ದು, ಬಿಲ್ಲೆಯ ಮೇಲಿನ ಮುಖವೂ. ನಿಯಮ ಅವನದೇ.

ಗಳಿಗೆ ಕಳೆದ ಮೇಲೆ ತಣ್ಣನೆಯ ಮಜ್ಜಿಗೆ ಇಟ್ಟಳು. ಲೋಟ ಬೆವರಿತು, ಬಟ್ಟೆ ಹೀರಿತು. ಅವನ ಮೀಸೆಯಿಂದ ನೀರು ತೊಟ್ಟಿಕ್ಕಿತು. ನಾಲ್ಕು ಸಲ ಸೀನಿದ.

ನಿಂಬೆ ಪಾನಕವನ್ನು ಅಂಚಿನ ತನಕ ತುಂಬಿಸಿ ಇಟ್ಟಳು. ಸ್ವಲ್ಪ ತುಳುಕಿತು.

“ಅಯ್ಯೋ ಕಣ್ಣು! ತೆಗೆಯೇ ಮಾರಾಯ್ತಿ!”

“ಗಳಿಗೆ ಆಗಿಲ್ಲ ಬುದ್ಧಿ. ಗೆದ್ದೆ ಅಂತ ಒಪ್ಪಿಕೊಂಡರೆ ತೆಗೀತೀನಿ.”

“ಒಪ್ಪಿದೆ! ಬಿಟ್ಟೆ! ಎಲ್ಲರನ್ನೂ ಬಿಟ್ಟೆ!”

ಉಂಗುರಗಳು ಒಬ್ಬೊಬ್ಬರನ್ನೇ ಉಗುಳಿದವು. ಪ್ರಧಾನಿ ಬೆರಳು ಊದಿಕೊಳ್ಳುತ್ತಾ ಬಂದ. ಹೊನ್ನಾಜಿ ಬಂದವಳೇ ತಂಗಿಯ ಬೆನ್ನಿಗೊಂದು ಗುದ್ದಿ, ಆಮೇಲೆ ತಬ್ಬಿಕೊಂಡಳು. ಮಾಯೆ ಕಳಚಿದ ಹುಲಿಗಾಲುಗಳು ಹಲಗೆಯನ್ನು ಕೊಡವಿ ಕಾಡಿನ ದಾರಿ ಹಿಡಿದವು.

ಸಂಜೆ ಪಾಯಸ ಮಾಡಿದರು. ಮೊದಲ ಎಲೆಯನ್ನು ಧೂಮಜಟಿಗೆ ಹಾಕಿದವಳು ಚೆನ್ನಾಜಿ. ಅವನು ಮೂರು ಸಲ ಬಡಿಸಿಕೊಂಡ, ಆಮೇಲೆ ಯಾರ ತಂಟೆಗೂ ಹೋಗಲಿಲ್ಲ. ರಾಜ ಅಂದಿನಿಂದ ತನ್ನ ಹಾಲನ್ನು ತಾನೇ ತಂದುಕೊಂಡ. ಕುಂಭಾವತಿಯ ಮನೆಮನೆಗೂ ಕಲ್ಲುಬಿಲ್ಲೆ ಬಂತು. ಕಪ್ಪೆ, ಏಡಿ, ಬದನೆಕಾಯಿ, ತಮಗೆ ಆಗದ ನೆಂಟರು, ಹೀಗೆ ಅವರವರಿಗೆ ಬೇಕಾದದ್ದನ್ನು ಬರೆದುಕೊಂಡು ಜನ ಸುಖವಾಗಿದ್ದರು.

“ನನ್ನ ಮುಖದ್ದೂ ಒಂದು ಮಾಡಿಕೊಡೇ,” ಎಂದು ಹೊನ್ನಾಜಿ ಎಷ್ಟೋ ಸಲ ಕೇಳಿದಳು.

ಚೆನ್ನಾಜಿ ಮಾಡಲಿಲ್ಲ.

“ಆಮೇಲೆ ಲೋಟ ಎಲ್ಲಿಡಲಿ ಅಕ್ಕ?” ಎಂದಳು.